ಒಂದು ರಾಣಿ ಕಣಜ, ಇಪ್ಪತ್ತು ವರ್ಷ, ಅರ್ಧ ಯುರೋಪು
ತುಡುವೆ ಸಾಕುವವರು ತಿಳಿದಿರಬೇಕಾದ ಒಂದು ವಂಶದ ಲೆಕ್ಕ

ಫ್ರಾನ್ಸ್ ದೇಶದ ನೈರುತ್ಯ ಭಾಗದಲ್ಲಿ ಲೋ-ಎ-ಗರೋನ್ ಎಂಬ ಜಿಲ್ಲೆ ಇದೆ. ಹಣ್ಣಿನ ತೋಟಗಳ ಸೀಮೆ. 2004ರ ಹೊತ್ತಿಗೆ ಅಲ್ಲಿಗೆ ಚೀನಾದಿಂದ ಮಣ್ಣಿನ ಕುಂಡಗಳ ಪೆಟ್ಟಿಗೆಗಳು ಬಂದವು. ಅವುಗಳ ಸಂದಿಯಲ್ಲಿ ಚಳಿ ನಿದ್ದೆಯಲ್ಲಿದ್ದ ರಾಣಿ ಕಣಜವೂ ಬಂದಿತ್ತು ಎಂದು ನಂಬಲಾಗಿದೆ. 2005ರಲ್ಲಿ ಅದನ್ನು ಗುರುತಿಸಿದರು. 2010ಕ್ಕೆ ಸ್ಪೇನ್, 2011ಕ್ಕೆ ಪೋರ್ಚುಗಲ್ ಮತ್ತು ಬೆಲ್ಜಿಯಂ, 2012ಕ್ಕೆ ಇಟಲಿ, 2014ಕ್ಕೆ ಜರ್ಮನಿ, 2016ಕ್ಕೆ ಇಂಗ್ಲೆಂಡ್. ಫ್ರಾನ್ಸಿನೊಳಗೆ ವರ್ಷಕ್ಕೆ ಸುಮಾರು 60ರಿಂದ 80 ಕಿಲೋಮೀಟರ್ ವೇಗದಲ್ಲಿ ಹಬ್ಬಿತು. ಅಲ್ಲಿನ ಜೇನು ಕೃಷಿಕರಿಗೆ ಇಂದಿಗೂ ಅದರ ಕಾಟ ತಪ್ಪಿಲ್ಲ.

ಇಷ್ಟೆಲ್ಲ ಕಣಜಗಳ ಮೂಲ ಹುಡುಕಿದಾಗ ವಿಜ್ಞಾನಿಗಳಿಗೆ ಸಿಕ್ಕಿದ ಉತ್ತರ ವಿಚಿತ್ರವಾಗಿದೆ. ಇವೆಲ್ಲ ಬಹುಶಃ ಒಂದೇ ಒಂದು ರಾಣಿಯ ಸಂತಾನ!

ಇದನ್ನು ಓದಿದಾಗ ನನಗೆ ಎರಡು ಪ್ರಶ್ನೆ ಬಂತು. ಒಂದು, ಇದು ಒಂದೇ ರಾಣಿಯ ಸಂತಾನ ಅಂತ ಹೇಗೆ ಗೊತ್ತಾಯ್ತು? ಎರಡು, ಒಳಸಂಬಂಧದಲ್ಲೇ ಬೆಳೆದರೆ ವಂಶ ಕೆಡುತ್ತದೆ ಅಂತ ದನ ಸಾಕುವ ನಮಗೆಲ್ಲ ಗೊತ್ತು. ಹಾಗಾದರೆ ಈ ಕಣಜ ಯಾಕೆ ಕೆಟ್ಟು ಹೋಗಲಿಲ್ಲ? ಎರಡನೆಯದರ ಉತ್ತರ ಹುಡುಕುತ್ತಾ ಹೋದರೆ ಅದು ನಮ್ಮ ತೋಟದ ತುಡುವೆ ಪೆಟ್ಟಿಗೆಯ ಬುಡಕ್ಕೇ ಬಂದು ನಿಲ್ಲುತ್ತದೆ. ಅದಕ್ಕಾಗಿ ಈ ಬರಹ.

ಯಾವುದು ಈ ಕಣಜ?

ಹೆಸರು ವೆಸ್ಪಾ ವೆಲುಟಿನಾ. ಕಾಲಿನ ತುದಿ ಹಳದಿ ಇರುವ ಕಾರಣ ಹಳದಿಗಾಲಿನ ಕಣಜ ಅನ್ನೋಣ. ಇದರ ಊರು ಏಷ್ಯಾ. ನಮ್ಮ ದೇಶದ ಹಿಮಾಲಯದ ತಪ್ಪಲಲ್ಲಿ, ಈಶಾನ್ಯ ರಾಜ್ಯಗಳಲ್ಲಿ ಇದು ಹಿಂದಿನಿಂದಲೂ ಇದೆ. ನಮ್ಮ ಕಡೆ ಪೆಟ್ಟಿಗೆಯ ಬಾಗಿಲಿಗೆ ಬರುವ, ಕಪ್ಪು ಮೈಗೆ ಹೊಟ್ಟೆಯ ಮೇಲೊಂದು ಅಗಲದ ಹಳದಿ ಪಟ್ಟೆ ಇರುವ ಕಣಜ ಬೇರೆ. ಅದು ವೆಸ್ಪಾ ಟ್ರಾಪಿಕಾ. ಎರಡೂ ಒಂದೇ ಕುಲದವು.

ಯುರೋಪಿನಲ್ಲಿ ಇದರ ಸಂಸಾರ ಒಂದು ವರ್ಷದ್ದು. ವಸಂತದಲ್ಲಿ ರಾಣಿ ಒಬ್ಬಳೇ ಎದ್ದು ನಿಂಬೆಹಣ್ಣಿನಷ್ಟು ಗೂಡು ಶುರು ಮಾಡುತ್ತಾಳೆ. ಮೊದಲ ಮರಿಗಳನ್ನು ಒಬ್ಬಳೇ ಸಾಕುತ್ತಾಳೆ. ಕೆಲಸಗಾರ ಕಣಜಗಳು ಹುಟ್ಟಿದ ಮೇಲೆ ಗೂಡು ಬೆಳೆಯುತ್ತದೆ. ಸಾಮಾನ್ಯವಾಗಿ ಮರದ ತುದಿಯಲ್ಲಿ ಇನ್ನೊಂದು ದೊಡ್ಡ ಗೂಡು ಕಟ್ಟುತ್ತವೆ. ಒಂದು ಹಂಗಾಮಿನಲ್ಲಿ ಒಂದು ಗೂಡಿನಿಂದ ಸಾವಿರಾರು ಕಣಜ ಹೊರಬರುತ್ತವೆ. ಮಳೆಗಾಲ ಮುಗಿದು ನಮ್ಮಲ್ಲಿ ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೆ ಅಲ್ಲಿ ಹೊಸ ರಾಣಿಗಳೂ ಗಂಡುಗಳೂ ಹುಟ್ಟುತ್ತವೆ. ರಾಣಿಗಳ ಸಂಖ್ಯೆ ನೂರಾರು. ಮಿಲನವಾದ ಮೇಲೆ ಗಂಡು ಸಾಯುತ್ತದೆ, ಹಳೆ ಗೂಡು ಸಾಯುತ್ತದೆ. ಹೊಸ ರಾಣಿಗಳು ಮಾತ್ರ ಮರದ ತೊಗಟೆಯ ಕೆಳಗೋ, ಮಣ್ಣಿನಲ್ಲೋ, ಕುಂಡದ ಸಂದಿಯಲ್ಲೋ ಚಳಿಗಾಲ ಕಳೆಯುತ್ತವೆ.

ಇಲ್ಲಿ ಒಂದು ಸಂಗತಿ ನೆನಪಿಡಬೇಕು. ಮಿಲನವಾದ ರಾಣಿಯ ಹೊಟ್ಟೆಯಲ್ಲಿ ಒಂದು ಚೀಲ ಇರ್ತದೆ. ಗಂಡುಗಳ ಬೀಜವನ್ನು ಅದರಲ್ಲಿ ಜೀವಂತ ಇಟ್ಟುಕೊಂಡು ಬೇಕಾದಾಗ ಬಳಸುತ್ತಾಳೆ. ಹಾಗಾಗಿ ಒಂದು ರಾಣಿ ಹಡಗು ಹತ್ತಿದರೆ ಅದರ ಗಂಡಂದಿರೂ ಜೊತೆಗೇ ಹತ್ತಿದ ಹಾಗೆ.

ಗಂಡಿಗೆ ಅಪ್ಪ ಇಲ್ಲ, ಅಜ್ಜ ಇದ್ದಾನೆ

ಜೇನು, ಕಣಜ, ಇರುವೆ ಈ ಮೂರರಲ್ಲೂ ಹುಟ್ಟಿನ ಕ್ರಮ ಒಂದೇ. ಬೀಜ ಸೇರಿದ ಮೊಟ್ಟೆಯಿಂದ ಹೆಣ್ಣು. ಬೀಜ ಸೇರದ ಮೊಟ್ಟೆಯಿಂದ ಗಂಡು. 1845ರಲ್ಲಿ ಜೇನಿನ ಬಗ್ಗೆ ಇದನ್ನು ಮೊದಲು ಹೇಳಿದವರು ಜೇನು ಸಾಕುತ್ತಿದ್ದ ಪಾದ್ರಿ ಯೋಹಾನ್ ಜಿಯರ್ಜೋನ್. ಅಂದಿನ ಪಂಡಿತರು ಬೇಗ ಒಪ್ಪಲಿಲ್ಲ, ಆದರೆ ಮಾತು ನಿಜವಾಗಿತ್ತು.

ಅಂದರೆ ಹೆಣ್ಣಿಗೆ ವಂಶವಾಹಿ ಎರಡು ಜೊತೆ: ತಾಯಿಯದು ಒಂದು, ತಂದೆಯದು ಒಂದು. ಗಂಡಿಗೆ ತಾಯಿಯದು ಮಾತ್ರ, ಒಂದೇ ಜೊತೆ. ಗಂಡಿಗೆ ಅಪ್ಪ ಇಲ್ಲ. ತಾಯಿಯ ಅಪ್ಪ, ಅಂದರೆ ಅಜ್ಜ ಇದ್ದಾನೆ. ಮಕ್ಕಳಿಗೆ ಒಗಟು ಹೇಳಲು ಚೆನ್ನಾಗಿದೆ. ಮುಂದಿನ ಲೆಕ್ಕಕ್ಕೂ ಇದೇ ಬೀಗದ ಕೈ.

ತಾಯಿ ಬಳಿ ಹುಡುಕಿದ ಬಗೆ

ತುಳುನಾಡಿನ ಅಳಿಯಕಟ್ಟಿನ ಮನೆಗಳಲ್ಲಿ ‘ಬಳಿ’ ತಾಯಿಯಿಂದ ಬರುತ್ತದೆ. ತಂದೆಯ ಬಳಿ ಮಕ್ಕಳಿಗಿಲ್ಲ. ಹತ್ತು ತಲೆಮಾರು ದಾಟಿದರೂ ಬಳಿ ಕೇಳಿದರೆ ಮೂಲ ತಾಯಿ ಯಾರ ಕಡೆಯವಳು ಅಂತ ಹೇಳಬಹುದು. ಜೀವಿಗಳ ಮೈಯಲ್ಲೂ ಇಂಥದೊಂದು ಬಳಿ ಇದೆ. ಪ್ರತಿ ಜೀವಕೋಶದಲ್ಲಿ ಮೈಟೊಕಾಂಡ್ರಿಯ ಎಂಬ ಸಣ್ಣ ಅಂಗವಿದೆ. ಅದಕ್ಕೆ ತನ್ನದೇ ಡಿಎನ್‌ಎ ಇದೆ. ಅದು ತಾಯಿಯಿಂದ ಮಾತ್ರ ಬರ್ತದೆ.

ಮರಿಯಾಂಜೆಲಾ ಆರ್ಕಾ ಮತ್ತು ಸಂಗಡಿಗರು ಫ್ರಾನ್ಸಿನ ಬೇರೆ ಬೇರೆ ಕಡೆಯ ಕಣಜಗಳನ್ನು ಏಷ್ಯಾದ ಕಣಜಗಳೊಂದಿಗೆ ಹೋಲಿಸಿ ನೋಡಿದರು. ಏಷ್ಯಾದಲ್ಲಿ ಹಲವು ಬಳಿಗಳು ಸಿಕ್ಕಿದವು. ಫ್ರಾನ್ಸಿನಲ್ಲಿ ಒಂದೇ ಬಳಿ. ಅದು ಪೂರ್ವ ಚೀನಾದ ಝೆಜಿಯಾಂಗ್ ಮತ್ತು ಜಿಯಾಂಗ್ಸು ಪ್ರಾಂತಗಳ ಕಡೆಯ ಕಣಜಗಳಿಗೆ ಹೊಂದಿಕೆಯಾಯಿತು. 2021ರ ಏಪ್ರಿಲಿನಲ್ಲಿ ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಒಂದು ಕಣಜ ಸಿಕ್ಕಾಗ ಅಲ್ಲಿನವರು ಅದರ ಬಳಿಯನ್ನೂ ನೋಡಿದರು. ಅದೂ ಅದೇ.

ಬಳಿ ಒಂದೇ ಅಂದ ಮಾತ್ರಕ್ಕೆ ರಾಣಿ ಒಬ್ಬಳೇ ಅನ್ನುವ ಹಾಗಿಲ್ಲ. ಒಂದೇ ಬಳಿಯ ಅಕ್ಕತಂಗಿಯರು ನಾಲ್ಕಾರು ಜನ ಬಂದಿರಬಹುದು. ಹಾಗಾಗಿ ಇನ್ನೊಂದು ಬಗೆಯ ಗುರುತನ್ನೂ ಎಣಿಸಿದರು. ಡಿಎನ್‌ಎಯ ಕೆಲವು ಜಾಗಗಳಲ್ಲಿ ಒಂದೇ ಚಿಕ್ಕ ತುಂಡು ಮತ್ತೆ ಮತ್ತೆ ಬರೆದ ಹಾಗಿರುತ್ತದೆ. ಒಬ್ಬರಲ್ಲಿ ಎಂಟು ಸಲ, ಇನ್ನೊಬ್ಬರಲ್ಲಿ ಹನ್ನೊಂದು ಸಲ. ಇದು ತಂದೆ ತಾಯಿ ಇಬ್ಬರಿಂದಲೂ ಬರ್ತದೆ. ಒಂದು ಗೂಡಿನ ಕೆಲಸಗಾರರನ್ನೆಲ್ಲ ಪರೀಕ್ಷಿಸಿದರೆ ರಾಣಿಯ ಎರಡು ಗುರುತು ಯಾವುವೆಂದು ಗೊತ್ತಾಗುತ್ತದೆ. ಅವನ್ನು ಕಳೆದರೆ ಉಳಿದದ್ದು ತಂದೆಯರದು. ತಂದೆಗೆ ಒಂದೇ ಜೊತೆ ಇರುವುದರಿಂದ ಒಬ್ಬ ತಂದೆಗೆ ಒಂದೇ ಗುರುತು. ಎಣಿಸುವುದು ಸುಲಭ. ಇಡೀ ದೇಶದ ಕಣಜಗಳಲ್ಲಿ ಹೀಗೆ ಗುರುತುಗಳನ್ನು ಎಣಿಸಿದಾಗ ಬಹಳ ಕಡಿಮೆ ಸಿಕ್ಕಿದವು. ಹಲವು ಗಂಡುಗಳೊಡನೆ ಮಿಲನವಾದ ಒಂದೇ ರಾಣಿ, ಹೆಚ್ಚೆಂದರೆ ಬೆರಳೆಣಿಕೆಯ ರಾಣಿಯರು ಬಂದಿದ್ದರೆ ಎಷ್ಟು ಸಿಗಬೇಕೋ ಅಷ್ಟೇ.

ನಮಗೆ ಇದು ಹೊಸ ಸಂಗತಿ ಅಲ್ಲ. 1972ರಲ್ಲಿ ವಿಟ್ಲದಿಂದ ಬಿಡುಗಡೆಯಾದ ‘ಮಂಗಳ’ ಅಡಿಕೆಯ ಮೂಲವೂ ಚೀನಾದಿಂದ ತಂದ ಬೀಜ. ಬಂದ ಮೂಲ ಚಿಕ್ಕದಾದರೆ ಆಮೇಲೆ ಎಷ್ಟು ಸಾವಿರ ಗಿಡ ಮಾಡಿದರೂ ಮೂಲದಲ್ಲಿ ಇದ್ದಷ್ಟೇ ವೈವಿಧ್ಯ. ಸಂಖ್ಯೆ ಬೆಳೆಯುತ್ತದೆ, ಬಗೆ ಬೆಳೆಯುವುದಿಲ್ಲ. ವಂಶ ಹೀಗೆ ಒಂದು ಸಣ್ಣ ಕಂಡಿಯಲ್ಲಿ ಹಾದು ಬಂದರೆ ಅದಕ್ಕೆ ಬಾಟಲಿಯ ಕುತ್ತಿಗೆ ಅಂತಲೇ ವಿಜ್ಞಾನಿಗಳು ಹೆಸರಿಟ್ಟಿದ್ದಾರೆ.

ಬಣ್ಣದ ಲೆಕ್ಕ

ಈಗ ಸ್ವಲ್ಪ ಕಷ್ಟದ ಭಾಗ. ಕಾಗದ ಪೆನ್ನು ಹಿಡಿದು ಓದಿದರೆ ಒಳ್ಳೆಯದು.

ಬೀಜ ಸೇರಿದ ಮೊಟ್ಟೆ ಹೆಣ್ಣು ಅಂದೆ. ಅದು ಪೂರ್ತಿ ನಿಜ ಅಲ್ಲ. ಜೇನಿನಲ್ಲಿ ಹೆಣ್ಣು ಗಂಡು ನಿರ್ಧರಿಸಲು ಒಂದು ವಂಶವಾಹಿ ಇದೆ. 2003ರಲ್ಲಿ ಅದನ್ನು ಪತ್ತೆ ಮಾಡಿದರು. ಕಣಜದಲ್ಲೂ ಲೆಕ್ಕ ಇದೇ ಬಗೆಯದು. ಆ ವಂಶವಾಹಿಗೆ ಹಲವು ರೂಪಗಳಿವೆ. ರೂಪಕ್ಕೆ ಬದಲು ಬಣ್ಣ ಅಂತ ಇಟ್ಟುಕೊಳ್ಳೋಣ. ನಿಯಮ ಇಷ್ಟೇ:

ಎರಡು ಬೇರೆ ಬಣ್ಣ ಸೇರಿದರೆ ಹೆಣ್ಣು.
ಒಂದೇ ಬಣ್ಣ ಇದ್ದರೆ (ಬೀಜ ಸೇರದ ಮೊಟ್ಟೆ) ಸಹಜ ಗಂಡು.
ಬೀಜ ಸೇರಿಯೂ ಎರಡೂ ಕಡೆಯಿಂದ ಅದೇ ಬಣ್ಣ ಬಂದರೆ, ಹೆಣ್ಣಾಗಬೇಕಾದದ್ದು ಗಂಡಾಗುತ್ತದೆ. ಇದು ಎರಡು ಜೊತೆಯ ಗಂಡು. ಕೆಲಸಕ್ಕೂ ಇಲ್ಲ, ವಂಶ ಬೆಳೆಸಲಿಕ್ಕೂ ಹೆಚ್ಚಾಗಿ ಪ್ರಯೋಜನವಿಲ್ಲ.

ಒಂದು ಉದಾಹರಣೆ ಮಾಡಿ ನೋಡೋಣ. ಬಂದ ರಾಣಿಯ ಬಣ್ಣ ಕೆಂಪು ಮತ್ತು ಹಳದಿ. ಮಿಲನವಾದ ಗಂಡುಗಳು ನಾಲ್ಕು ಅಂತ ಇಟ್ಟುಕೊಳ್ಳಿ: ಹಸಿರು, ನೀಲಿ, ಬಿಳಿ, ಕಪ್ಪು. ಒಟ್ಟು ಆರು ಬಣ್ಣ. ಮೊದಲ ವರ್ಷ ತೊಂದರೆ ಇಲ್ಲ. ಎಲ್ಲ ಹೆಣ್ಣುಮಕ್ಕಳೂ ಎರಡು ಬಣ್ಣದವೇ: ಕೆಂಪು-ಹಸಿರು, ಹಳದಿ-ನೀಲಿ, ಹೀಗೆ. ಗೂಡು ಚೆನ್ನಾಗಿ ಬೆಳೆಯುತ್ತದೆ.

ಆದರೆ ಆ ರಾಣಿಯ ಗಂಡುಮಕ್ಕಳು? ಅವುಗಳಿಗೆ ಅಪ್ಪ ಇಲ್ಲ. ಹಾಗಾಗಿ ಅರ್ಧ ಕೆಂಪು, ಅರ್ಧ ಹಳದಿ. ಬೇರೆ ಬಣ್ಣವೇ ಇಲ್ಲ. ಇಡೀ ದೇಶದಲ್ಲಿ ಬೇರೆ ಗೂಡಿಲ್ಲದ ಕಾರಣ ಹೊಸ ರಾಣಿಗಳು ಈ ಅಣ್ಣತಮ್ಮಂದಿರೊಡನೆಯೇ ಸೇರಬೇಕು. ಕೆಂಪು-ಹಸಿರು ರಾಣಿಯ ಮೊಟ್ಟೆಗಳಲ್ಲಿ ಅರ್ಧ ಕೆಂಪು. ಅವುಗಳಿಗೆ ಸೇರುವ ಬೀಜದಲ್ಲೂ ಅರ್ಧ ಕೆಂಪು. ಅರ್ಧದ ಅರ್ಧ, ಅಂದರೆ ಹೆಣ್ಣಾಗಬೇಕಾದ ನಾಲ್ಕು ಮೊಟ್ಟೆಯಲ್ಲಿ ಸರಾಸರಿ ಒಂದು ಕೆಲಸಕ್ಕೆ ಬಾರದ ಗಂಡು. ಒಂದು ರಾಣಿ ಕೆಂಪು ಗಂಡಿನೊಡನೆ ಮಾತ್ರ ಸೇರಿದರೆ ನಷ್ಟ ಅರ್ಧಕ್ಕರ್ಧ. ಹಳದಿಯೊಡನೆ ಮಾತ್ರ ಸೇರಿದರೆ ನಷ್ಟವೇ ಇಲ್ಲ.

ನಂತರದ ತಲೆಮಾರುಗಳಲ್ಲಿ ಹಸಿರು, ನೀಲಿ, ಬಿಳಿ, ಕಪ್ಪು ಕೂಡ ಗಂಡುಗಳಿಗೆ ಬರುತ್ತವೆ. ಅಪರೂಪದ ಬಣ್ಣಕ್ಕೆ ತನ್ನ ಜೋಡಿ ಸಿಗುವ ಅಪಾಯ ಕಡಿಮೆ. ಹಾಗಾಗಿ ಅದು ಹೆಚ್ಚುತ್ತಾ ಹೋಗಿ ಎಲ್ಲ ಬಣ್ಣ ಸರಿಸಮ ಆಗುವ ಕಡೆಗೆ ನಡೆಯುತ್ತದೆ. ಆರೂ ಸಮ ಆದಾಗ ನಷ್ಟ ಆರರಲ್ಲಿ ಒಂದು. ಹತ್ತು ಬಣ್ಣ ಇದ್ದರೆ ಹತ್ತರಲ್ಲಿ ಒಂದು. ಇಪ್ಪತ್ತು ಇದ್ದರೆ ಇಪ್ಪತ್ತರಲ್ಲಿ ಒಂದು. ಬಣ್ಣ ಎಷ್ಟೋ ಅಷ್ಟರ ಒಂದು ಪಾಲು ನಷ್ಟ. ಈ ಒಂದು ಸಾಲು ನೆನಪಿಟ್ಟರೆ ಸಾಕು.

ಇದು ಕಾಗದದ ಲೆಕ್ಕ ಮಾತ್ರ ಅಲ್ಲ. ಫ್ರಾನ್ಸಿನ ತೂರ್ ವಿಶ್ವವಿದ್ಯಾಲಯದ ಎರಿಕ್ ದಾರೂಝೆ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗೂಡುಗಳನ್ನು ಬಿಚ್ಚಿ ನೋಡಿದರು. ಗಂಡು ಹುಟ್ಟಬೇಕಾದದ್ದು ಹಂಗಾಮಿನ ಕೊನೆಗೆ. ಆದರೆ ಎಷ್ಟೋ ಗೂಡುಗಳಲ್ಲಿ ಶುರುವಿನಲ್ಲೇ ಗಂಡುಗಳಿದ್ದವು. ಪರೀಕ್ಷಿಸಿದರೆ ಅವುಗಳಲ್ಲಿ ಹೆಚ್ಚಿನವು ಎರಡು ಜೊತೆಯವು. ಒಳಸಂಬಂಧದ ತೆರಿಗೆಯನ್ನು ಈ ಕಣಜ ಕಟ್ಟುತ್ತಲೇ ಇದೆ.

ಮತ್ತೆ ಹೇಗೆ ಬದುಕಿತು?

ತೆರಿಗೆ ಕಟ್ಟಿಯೂ ಬದುಕುವಷ್ಟು ಆದಾಯ ಇತ್ತು, ಅಷ್ಟೇ ಉತ್ತರ.

ಒಂದು ಗೂಡಿನಿಂದ ನೂರಾರು ರಾಣಿ ಹೊರಡುತ್ತವೆ. ಮುಂದಿನ ವರ್ಷಕ್ಕೆ ಅವುಗಳಲ್ಲಿ ನಾಲ್ಕೈದು ಗೂಡು ಯಶಸ್ವಿಯಾದರೂ ಸಂತಾನ ನಾಲ್ಕೈದು ಪಟ್ಟು. ಬಣ್ಣ ಹೊಂದದೆ ಸೋತ ಗೂಡುಗಳು ಯಾರಿಗೂ ಕಾಣುವುದಿಲ್ಲ. ಗೆದ್ದದ್ದು ಮಾತ್ರ ಮರದ ಮೇಲೆ ಕಾಣುತ್ತದೆ. ಒಂದೊಂದು ರಾಣಿಯೂ ಹಲವು ಗಂಡುಗಳ ಜೊತೆ ಸೇರಿದರೆ ಅಪಾಯ ಹಂಚಿಹೋಗುತ್ತದೆ. ನಾವು ಒಂದೇ ತಳಿಯನ್ನು ನಂಬದೆ ತೋಟದಲ್ಲಿ ನಾಲ್ಕು ಬಗೆ ನೆಡುವ ಹಾಗೆ.

ಊಟಕ್ಕೂ ತೊಂದರೆ ಇರಲಿಲ್ಲ. ಯುರೋಪಿನ ಜೇನಿಗೆ ಈ ಶತ್ರು ಹೊಸದು. ಕಣಜ ಪೆಟ್ಟಿಗೆಯ ಮುಂದೆ ಗಾಳಿಯಲ್ಲಿ ನಿಂತು ಹೊರೆ ಹೊತ್ತು ಬರುವ ನೊಣವನ್ನು ಒಂದೊಂದಾಗಿ ಹಿಡಿಯುತ್ತದೆ. ತಲೆ ಹೊಟ್ಟೆ ಬಿಸಾಡಿ ಎದೆಯ ಮಾಂಸ ಮಾತ್ರ ಮರಿಗೆ ಒಯ್ಯುತ್ತದೆ. ಕಾಟ ಹೆಚ್ಚಾದರೆ ನೊಣಗಳು ಹೊರಗೆ ಹೋಗುವುದನ್ನೇ ನಿಲ್ಲಿಸುತ್ತವೆ. ಚಳಿಗಾಲಕ್ಕೆ ಆಹಾರ ಸಾಲದೆ ಕುಟುಂಬ ಸಾಯುತ್ತದೆ.

ನಮ್ಮ ತುಡುವೆಗೂ ಅದರ ಬಳಗಕ್ಕೂ ಏಷ್ಯಾದ ಕಣಜಗಳ ಪರಿಚಯ ಹಳೆಯದು. ಕಣಜ ಹತ್ತಿರ ಬಂದರೆ ಬಾಗಿಲಲ್ಲಿ ಕೂತು ಎಲ್ಲ ಒಟ್ಟಿಗೆ ಮೈ ಅಲುಗಿಸುತ್ತವೆ. ತೀರಾ ಹತ್ತಿರ ಬಂದರೆ ಹತ್ತಾರು ನೊಣ ಒಟ್ಟಿಗೆ ಮುತ್ತಿ ಉಂಡೆ ಕಟ್ಟಿ, ಮೈ ನಡುಗಿಸಿ, ಒಳಗಿನ ಬಿಸಿಯನ್ನು ಸುಮಾರು 46 ಡಿಗ್ರಿಗೆ ಏರಿಸುತ್ತವೆ. ಕಣಜ ಸಾಯುತ್ತದೆ, ನೊಣ ಬದುಕುತ್ತದೆ. ಇಂಥ ಪಾಠ ಕಲಿಯದ ಊರಿಗೆ ಕಣಜ ಹೋದದ್ದೇ ಅದರ ಅದೃಷ್ಟ.

ಬೇರೆ ಊರುಗಳಿಂದ ನಾಲ್ಕು ಮಾತು

ಹೊರಗಿನ ಕಣಜ ಎಲ್ಲ ಕಡೆಯೂ ಒಂದೇ ರಾಣಿಯಿಂದ ಹುಟ್ಟಿದ್ದಲ್ಲ. ಯುರೋಪಿನ ಪೋಲಿಸ್ಟಿಸ್ ಡೊಮಿನುಲಾ ಎಂಬ ಕಾಗದದ ಗೂಡಿನ ಕಣಜ 1970ರ ದಶಕದ ಕೊನೆಯಲ್ಲಿ ಅಮೆರಿಕದ ಬಾಸ್ಟನ್ ಹತ್ತಿರ ಕಂಡಿತು. ಅದರ ವಂಶ ನೋಡಿದವರಿಗೆ ಅಚ್ಚರಿಯಾಗುವಷ್ಟು ವೈವಿಧ್ಯ ಸಿಕ್ಕಿತು. ಅಂದರೆ ಬಂದದ್ದು ಒಂದೇ ಸಲ ಅಲ್ಲ, ಮತ್ತೆ ಮತ್ತೆ.

ನ್ಯೂಜಿಲೆಂಡಿಗೆ ಜರ್ಮನ್ ಕಣಜ 1945ರಲ್ಲಿ ವಿಮಾನದ ಬಿಡಿಭಾಗಗಳ ಪೆಟ್ಟಿಗೆಗಳಲ್ಲಿ ಮಲಗಿಕೊಂಡು ಬಂತು. ಅಲ್ಲಿನ ಬೀಚ್ ಮರದ ಕಾಡುಗಳಲ್ಲಿ ಮರದ ಕಾಂಡದಿಂದ ಕೀಟಗಳು ಸುರಿಸುವ ಸಿಹಿ ರಸಕ್ಕಾಗಿ ಇಂದಿಗೂ ಹಕ್ಕಿಗಳಿಗೂ ಹೊರಗಿನಿಂದ ಬಂದ ಕಣಜಗಳಿಗೂ ಪೈಪೋಟಿ.

ಹೆಚ್ಚು ಪಾಠ ಇರುವುದು ದೈತ್ಯ ಕಣಜದ ಕಥೆಯಲ್ಲಿ. 2019ರಲ್ಲಿ ಕೆನಡದ ನನೈಮೊ ಊರಲ್ಲಿ ಇದರ ಗೂಡು ಸಿಕ್ಕಿತು. ಅದೇ ವರ್ಷದ ಕೊನೆಗೆ ಗಡಿಯಾಚೆ ಅಮೆರಿಕದ ವಾಷಿಂಗ್ಟನ್ ರಾಜ್ಯದ ಬ್ಲೇನ್ ಎಂಬಲ್ಲಿ ಕಣಜ ಕಂಡಿತು. ಊರುಗಳು ಹತ್ತಿರ, ಹಾಗಾಗಿ ಒಂದೇ ಮೂಲ ಅಂತ ಎಲ್ಲರೂ ಅಂದುಕೊಳ್ಳಬಹುದು. ತಾಯಿ ಬಳಿ ನೋಡಿದರೆ ಕೆನಡದ್ದು ಜಪಾನಿನ ಕಣಜಕ್ಕೆ ಹೊಂದಿತು, ಅಮೆರಿಕದ್ದು ದಕ್ಷಿಣ ಕೊರಿಯಾದ್ದಕ್ಕೆ. ಎರಡು ಬೇರೆ ಬೇರೆ ಪ್ರವೇಶ! ಒಂದು ಬಾಗಿಲು ಮುಚ್ಚಿದರೆ ಸಾಲದು ಎಂದು ಇದರಿಂದ ಗೊತ್ತಾಯಿತು. 2020ರ ಅಕ್ಟೋಬರಿನಲ್ಲಿ ಒಂದು ಜೀವಂತ ಕಣಜಕ್ಕೆ ಪುಟ್ಟ ರೇಡಿಯೊ ಕಟ್ಟಿ ಬಿಟ್ಟು, ಅದರ ಹಿಂದೆ ಹೋಗಿ ಗೂಡು ಹಿಡಿದರು. ಆ ಒಂದೇ ಗೂಡಿನಲ್ಲಿ ಸುಮಾರು 200 ರಾಣಿಗಳು ಹೊರಡಲು ತಯಾರಾಗುತ್ತಿದ್ದವು. 2021ರಲ್ಲಿ ಇನ್ನೂ ಮೂರು ಗೂಡು ತೆಗೆದರು. ಮುಂದೆ ಕಾಣಲಿಲ್ಲ. 2024ರ ಡಿಸೆಂಬರಿನಲ್ಲಿ ಅಮೆರಿಕ ನಿರ್ಮೂಲನೆ ಘೋಷಿಸಿತು. ಜನ, ಜೇನು ಕೃಷಿಕರು, ಸರಕಾರಿ ಇಲಾಖೆ ಎಲ್ಲರೂ ಕಣ್ಣಿಟ್ಟ ಕಾರಣ ಇದು ಸಾಧ್ಯವಾಯಿತು.

ಇಂಗ್ಲೆಂಡಿನ ಅನುಭವವೂ ಇದೆ. 2023ರ ನವೆಂಬರಿನಲ್ಲಿ ರೈ ಎಂಬ ಊರಲ್ಲಿ ಹಳದಿಗಾಲಿನ ಕಣಜದ ಗೂಡೊಂದನ್ನು ನಾಶ ಮಾಡಿದರು. 2024ರಲ್ಲಿ ಹತ್ತಿರದ ಫೋರ್ ಓಕ್ಸ್‌ನಲ್ಲಿ ಮೂರು ರಾಣಿ ಸಿಕ್ಕಿದವು. ಡಿಎನ್‌ಎ ನೋಡಿದಾಗ ಅವು ಆ ಗೂಡಿನ ಮಕ್ಕಳೇ. ಗೂಡು ಸುಡುವ ಮೊದಲೇ ರಾಣಿಗಳು ಹಾರಿ ಆಗಿತ್ತು. ಕಳೆ ಹೂ ಬಿಡುವ ಮುಂಚೆ ಕೀಳಬೇಕು, ಬೀಜ ಉದುರಿದ ಮೇಲೆ ಕಿತ್ತು ಪ್ರಯೋಜನ ಕಡಿಮೆ ಅಂತ ನಮ್ಮ ಅಜ್ಜಂದಿರು ಹೇಳುತ್ತಿದ್ದದ್ದೂ ಇದನ್ನೇ. ವಂಶ ಪರೀಕ್ಷೆಯಿಂದ ಬರುವ ಉಪಯೋಗ ಇದು: ಬಂದದ್ದು ಹೊಸತೋ, ಹಳತರ ಮರಿಯೋ ಅಂತ ಗೊತ್ತಾದರೆ ಬಂದರಿನಲ್ಲಿ ಕಾಯಬೇಕೋ, ಊರಲ್ಲೇ ಹುಡುಕಬೇಕೋ ತೀರ್ಮಾನಿಸಬಹುದು.

ನಮ್ಮ ಪೆಟ್ಟಿಗೆಗೆ ಏನು ಸಂಬಂಧ?

ಬಣ್ಣದ ಲೆಕ್ಕ ತುಡುವೆಗೂ ಅನ್ವಯಿಸುತ್ತದೆ. ವ್ಯತ್ಯಾಸ ಒಂದೇ. ಕಣಜ ತನ್ನ ಎರಡು ಜೊತೆಯ ಗಂಡುಗಳನ್ನು ಸಾಕಿ ಬೆಳೆಸುತ್ತದೆ. ಜೇನು ಹಾಗೆ ಮಾಡುವುದಿಲ್ಲ. ಮೊಟ್ಟೆ ಒಡೆದು ಹುಳು ಹೊರಬಂದ ಕೆಲವೇ ಗಂಟೆಗಳಲ್ಲಿ ಕೆಲಸಗಾರ ನೊಣಗಳು ಅದನ್ನು ಗುರುತಿಸಿ ತಿಂದುಬಿಡುತ್ತವೆ. 1960ರ ದಶಕದಲ್ಲಿ ಪೋಲೆಂಡಿನ ಯೆಝಿ ವೋಯ್ಕೆ ಇದನ್ನು ತೋರಿಸಿಕೊಟ್ಟರು. ಹಾಗಾಗಿ ನಮಗೆ ಅಂಥ ಗಂಡು ನೊಣ ಕಾಣಸಿಗುವುದಿಲ್ಲ. ಕಾಣುವುದು ಎರಿಯಲ್ಲಿ ಖಾಲಿ ಕಣ್ಣು. ರಾಣಿ ಸಾಲಾಗಿ ಮೊಟ್ಟೆ ಇಟ್ಟಿರುತ್ತಾಳೆ, ಮುಚ್ಚಿದ ಮರಿ ಮಾತ್ರ ಅಲ್ಲೊಂದು ಇಲ್ಲೊಂದು ಬಿಟ್ಟ ಹಾಗೆ, ಸಸಿ ಸತ್ತ ಗದ್ದೆಯ ಹಾಗೆ ಇರುತ್ತದೆ. ಕುಟುಂಬ ಸೊರಗುತ್ತದೆ, ಜೇನು ಕಡಿಮೆ.

ಎರಿ ಹಾಗೆ ಕಂಡ ಕೂಡಲೇ ಒಳಸಂಬಂಧ ಅನ್ನಬೇಡಿ. ಮುದಿ ರಾಣಿ, ಮೇಣದ ಹುಳು, ರೋಗ ಎಲ್ಲದರಲ್ಲೂ ಎರಿ ಹೀಗಾಗಬಹುದು. ನಾನು ನೋಡುವ ಕ್ರಮ ಹೀಗೆ: ಮೊಟ್ಟೆ ಇರುವ ಒಂದು ಅಂಗೈ ಅಗಲದ ಜಾಗವನ್ನು ಚೌಕಟ್ಟಿನ ಮೇಲೆ ಗುರುತು ಮಾಡಿ ಇಡುತ್ತೇನೆ. ನಾಲ್ಕೈದು ದಿನ ಬಿಟ್ಟು ನೋಡುತ್ತೇನೆ. ಮೊಟ್ಟೆ ಎಲ್ಲ ಕಣ್ಣಲ್ಲೂ ಇತ್ತು, ಹುಳು ಮಾತ್ರ ಎಷ್ಟೋ ಕಣ್ಣಲ್ಲಿ ಇಲ್ಲ, ಸತ್ತ ಹುಳು ಕೂಡ ಇಲ್ಲ ಅಂತಾದರೆ ಬಣ್ಣದ ಸಂಶಯ. ದೊಡ್ಡ ಹುಳು ಚೀಲದ ಹಾಗೆ ನೀರು ತುಂಬಿ ಸತ್ತು ತಲೆ ಎತ್ತಿ ನಿಂತಿದ್ದರೆ ಅದು ಥಾಯ್ ಸ್ಯಾಕ್‌ಬ್ರೂಡ್ ರೋಗ, ಬೇರೆಯೇ ವಿಷಯ.

ಕಾಡಿನ ಅಂಚಿನ ತೋಟಕ್ಕೆ ಈ ಭಯ ಕಡಿಮೆ. ಕನ್ಯೆ ರಾಣಿ ಹೊರಗೆ ಹಾರಿ ಗಾಳಿಯಲ್ಲೇ ಹತ್ತು ಹದಿನೈದಕ್ಕೂ ಹೆಚ್ಚು ಗಂಡುಗಳೊಡನೆ ಸೇರುತ್ತಾಳೆ. ಮರದ ಪೊಟರೆ, ಹುತ್ತ, ಬಂಡೆ ಸಂದಿಯ ಕಾಡು ಕುಟುಂಬಗಳ ಗಂಡುಗಳು ಅಲ್ಲಿ ಇರುತ್ತವೆ. ನಮಗೆ ಖರ್ಚಿಲ್ಲದೆ ಹೊಸ ಬಣ್ಣ ಬಂದು ಸೇರುತ್ತದೆ. ಆದರೆ ಸುತ್ತ ರಬ್ಬರೋ ಬೋಳು ಗುಡ್ಡವೋ ಆಗಿ, ಪೊಟರೆಯ ಹಳೆ ಮರಗಳು ಹೋಗಿ, ಒಂದೇ ಒಳ್ಳೆ ಕುಟುಂಬವನ್ನು ಪಾಲು ಮಾಡಿ ಹತ್ತು ಪೆಟ್ಟಿಗೆ ತುಂಬಿಸಿಕೊಂಡ ತೋಟದಲ್ಲಿ ನಾವೇ ಬಾಟಲಿಯ ಕುತ್ತಿಗೆ ಕಟ್ಟಿದ ಹಾಗೆ ಆಗುತ್ತದೆ.

1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ದಕ್ಷಿಣ ಭಾರತಕ್ಕೆ ಬಂದಾಗ ನಮ್ಮ ಜಿಲ್ಲೆಗಳಲ್ಲಿ ಪೆಟ್ಟಿಗೆಗಳು ಹೇಗೆ ಖಾಲಿಯಾದವೆಂದು ಹಿರಿಯ ಜೇನು ಕೃಷಿಕರಿಗೆ ಗೊತ್ತು. ಆಮೇಲೆ ಕೃಷಿ ಮತ್ತೆ ಚಿಗುರಿದ್ದು ಉಳಿದ ಕುಟುಂಬಗಳಿಂದ, ಕಾಡಿನಿಂದ ಹಿಡಿದು ತಂದವುಗಳಿಂದ. ಎಲ್ಲ ಒಂದೇ ವಂಶದ್ದಾಗಿದ್ದರೆ ಚಿಗುರಲು ಏನು ಉಳಿಯುತ್ತಿತ್ತು?

ಕಣಜ ಗೆದ್ದಿತಲ್ಲ, ತುಡುವೆ ಯಾಕೆ ಗೆಲ್ಲಬಾರದು ಎಂದು ಕೇಳಬಹುದು. ಕಣಜದ ಒಂದು ಗೂಡು ನೂರಾರು ರಾಣಿಗಳನ್ನು ಜೂಜಿಗೆ ಹಾಕುತ್ತದೆ. ತುಡುವೆ ಕುಟುಂಬ ವರ್ಷಕ್ಕೆ ಪಾಲಾಗುವುದು ಕೆಲವೇ ಸಲ. ನಾಲ್ಕು ಪೆಟ್ಟಿಗೆ ಇರುವ ಸಣ್ಣ ರೈತನಿಗೆ ಎರಡು ಸೋತರೆ ಅರ್ಧ ಹೋಯಿತು. ಅಷ್ಟು ದೊಡ್ಡ ಜೂಜು ನಮಗೆ ಹೇಳಿದ್ದಲ್ಲ.

ಮಾಡಬಹುದಾದದ್ದು

1. ಪಾಲು ಮಾಡುವಾಗ ಒಂದೇ ತಾಯಿ ಕುಟುಂಬದಿಂದ ಎಲ್ಲ ಪೆಟ್ಟಿಗೆ ತುಂಬಿಸಬೇಡಿ. ಕನಿಷ್ಠ ಮೂರು ನಾಲ್ಕು ಬೇರೆ ಬೇರೆ ಮೂಲ ಇರಲಿ. ಪೆಟ್ಟಿಗೆಯ ಮುಚ್ಚಳದ ಒಳಗೆ ತಾಯಿ ಕುಟುಂಬ ಯಾವುದೆಂದು ಬರೆದಿಡಿ.

2. ಪೊಟರೆಯಿಂದ, ಹುತ್ತದಿಂದ ಹಿಡಿದ ಹಿಂಡು ಬೇರೆ ಬೇರೆ ಕಡೆಯದ್ದಾದರೆ ಒಳ್ಳೆಯದು. ಎಲ್ಲವನ್ನೂ ಹಿಡಿದು ಕಾಡು ಖಾಲಿ ಮಾಡಬೇಡಿ. ಕಾಡಿನ ಕುಟುಂಬವೇ ನಿಮ್ಮ ರಾಣಿಗೆ ಮದುಮಗನ ಮನೆ.

3. ಗಂಡು ನೊಣ ತಿಂದು ಕೂರುತ್ತದೆ ಅಂತ ಗಂಡು ಮರಿಯ ಎರಿಯನ್ನೆಲ್ಲ ಕತ್ತರಿಸುವ ರೂಢಿ ಕೆಲವರಲ್ಲಿದೆ. ಗಟ್ಟಿ ಕುಟುಂಬಗಳಲ್ಲಿ ಸ್ವಲ್ಪ ಬಿಡಿ. ನೆರೆಮನೆಯ ಪೆಟ್ಟಿಗೆಗೂ ಉಪಕಾರ.

4. ಹೊಸ ರಕ್ತ ಬೇಕು ಅಂತ ದೂರದ ಊರಿನಿಂದ ಲಾರಿಯಲ್ಲಿ ಪೆಟ್ಟಿಗೆ ತರಿಸಬೇಡಿ. ಬಣ್ಣದ ಜೊತೆ ರೋಗವೂ ಬರುತ್ತದೆ. ಹತ್ತಿಪ್ಪತ್ತು ಕಿಲೋಮೀಟರ್ ಒಳಗಿನ, ಮರಿ ನೋಡಿ ಆರೋಗ್ಯ ಗೊತ್ತಿರುವ ಕುಟುಂಬವನ್ನು ಒಬ್ಬರಿಗೊಬ್ಬರು ಬದಲಾಯಿಸಿಕೊಳ್ಳಿ. ತಂದದ್ದನ್ನು ಮೂರು ನಾಲ್ಕು ವಾರ ಬೇರೆ ಇಟ್ಟು ನೋಡಿ.

5. ನಮ್ಮೂರಿನ ಕಣಜವನ್ನು ಕಂಡಲ್ಲೆಲ್ಲ ಸುಡಬೇಡಿ. ತೋಟದ, ತರಕಾರಿಯ ಕಂಬಳಿಹುಳಗಳನ್ನು ತಿನ್ನುವುದೂ ಅದೇ. ಪೆಟ್ಟಿಗೆಯ ಬಾಗಿಲಿಗೆ ಬಂದು ಕಾಡುವುದನ್ನು ಹಾಳೆಯ ತುಂಡಿನಿಂದಲೋ ಬ್ಯಾಟಿನಿಂದಲೋ ಹೊಡೆದರೆ ಸಾಕು. ಬಾಗಿಲನ್ನು ನೊಣ ಹೋಗುವಷ್ಟೇ ಕಿರಿದು ಮಾಡಿ.

6. ಹಿಂದೆ ಕಾಣದ ಕಣಜ, ಹಿಂದೆ ಕಾಣದ ಹುಳು ಕಂಡರೆ ಒಂದನ್ನು ಹಿಡಿದು ಬಾಟಲಿಯಲ್ಲಿ ಸ್ಪಿರಿಟ್ ಹಾಕಿ ಇಟ್ಟು, ಕಂಡ ದಿನ, ಜಾಗ ಬರೆದು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಮುಟ್ಟಿಸಿ. ಮೆಕ್ಕೆಜೋಳದ ಸೈನಿಕ ಹುಳು ಅಮೆರಿಕ ಖಂಡದ್ದು. ಭಾರತದಲ್ಲಿ ಅದು ಮೊದಲು ಪತ್ತೆಯಾದದ್ದು 2018ರ ಮೇ ತಿಂಗಳಲ್ಲಿ ನಮ್ಮ ಶಿವಮೊಗ್ಗದ ಹೊಲದಲ್ಲೇ. ಹೊರಗಿನ ಹುಳು ಮೊದಲು ಕಾಣುವುದು ರೈತನ ಕಣ್ಣಿಗೆ.

7. ಹೊರಗಿನಿಂದ ಬರುವ ಕುಂಡ, ಮಣ್ಣಿನ ಸಮೇತ ಬರುವ ಗಿಡ, ಮರದ ಪೆಟ್ಟಿಗೆ ಬಿಚ್ಚುವಾಗ ಸಂದಿ ನೋಡುವ ಅಭ್ಯಾಸ ಇರಲಿ. ಒಂದು ರಾಣಿಗೆ ಬೇಕಾದ ಜಾಗ ಒಂದು ಬೆರಳಿನಷ್ಟು.

ಈ ಮಳೆಗಾಲ ಕಳೆದು ತುಡುವೆ ಪಾಲಾಗುವ ಹೊತ್ತಿಗೆ ನಿಮ್ಮ ಊರಲ್ಲಿ ಐದಾರು ಜನ ಜೇನು ಕೃಷಿಕರು ಸೇರಿ ಯಾರ ಕುಟುಂಬದ ಮೂಲ ಎಲ್ಲಿಯದು ಅಂತ ಒಂದು ಪಟ್ಟಿ ಮಾಡಿ ನೋಡಿ. ಎಲ್ಲ ಒಂದೇ ಮನೆಯಿಂದ ಬಂದದ್ದು ಅಂತ ಗೊತ್ತಾದರೆ ಹೊಸ ಹಿಂಡು ಎಲ್ಲಿಂದ ತರುವುದೆಂದು ಅಲ್ಲೇ ಮಾತಾಡಿಕೊಳ್ಳಬಹುದು. ಪಟ್ಟಿ ಮಾಡಿದವರು ಪತ್ರಿಕೆಗೆ ಬರೆದರೆ ಉಳಿದವರಿಗೂ ಉಪಯೋಗ.